ಆರನೇ ನಂಬರಿನವನ ಊರಿನಲ್ಲಿ

ನಿನ್ನೆ ಧಾರಾವಾಹಿಯ ಕೊನೆಯಲ್ಲಿ ಬಾಗಿಲು ತಟ್ಟಿದವರು ಯಾರಿರಬಹುದು ಎಂದು ಕಾಂಪೌಂಡು ಗೋಡೆಗೆ ಒರಗಿಕೊಂಡು ಪಕ್ಕದ ಮನೆಯವರ ಹತ್ತಿರ ಮಾತಾಡದ ಗೃಹಿಣಿ ನಮ್ಮಲ್ಲಿ ಯಾರಿದ್ದಾರೆ, ಹೇಳಿ? ಒಲೆಯ ಮೇಲೆ ಹಾಲು ಉಕ್ಕಿದರೂ ಸರಿಯೆ, “ನನಗೇನೋ ಆ ಮೈದುನನ ಮೇಲೇ ಅನುಮಾನ ಕಣ್ರೀ” ಎಂದು ಒಂದು ಮಾತು ಹೇಳಿಯೇ ಒಳಗೆ ಹೋಗುವವರು ನಾವು. ಗಂಡಸರು ಇದನ್ನು ಹರಟೆ ಅನ್ನುತ್ತಾರೆ. ಅನ್ನಲಿ ಬಿಡಿ. ಇದೇ ಹರಟೆಯನ್ನು ಐವತ್ತು ವರ್ಷಕ್ಕೂ ಮೀರಿ ಬಿಡದೆ ನಡೆಸಿಕೊಂಡು ಬಂದು, ಅದಕ್ಕಾಗಿ ಸಂಘ ಕಟ್ಟಿಕೊಂಡು, ಒಂದು ಊರನ್ನೇ ಯಾತ್ರಾಸ್ಥಳ ಮಾಡಿಕೊಂಡ ಜನ ಬ್ರಿಟನ್ನಿನಲ್ಲಿದ್ದಾರೆ. ಅವರಲ್ಲಿ ಗಂಡಸರೂ ಬೇಕಾದಷ್ಟು ಮಂದಿ!

ಆ ಊರು ಪೋರ್ಟ್‌ಮೇರಿಯನ್. ವೇಲ್ಸ್ ಸೀಮೆಯ ಉತ್ತರದಲ್ಲಿ, ಸಮುದ್ರದ ಅಂಚಿನಲ್ಲಿದೆ. ಧಾರಾವಾಹಿಯ ಹೆಸರು ‘ದಿ ಪ್ರಿಸನರ್’, ಅಂದರೆ ‘ಖೈದಿ’. 1967ರ ಸೆಪ್ಟೆಂಬರಿನಿಂದ 1968ರ ಫೆಬ್ರವರಿಯವರೆಗೆ ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ಬಂತು. ಇರುವುದೇ ಹದಿನೇಳು ಕಂತು. ‘ಮಾಲ್ಗುಡಿ ಡೇಸ್’ ನೋಡಿದವರು ಆಗುಂಬೆಗೆ ಹೋದಾಗ ದೊಡ್ಡಮನೆಯ ಜಗುಲಿ ಹುಡುಕುವುದಿಲ್ಲವೆ, ಹಾಗೆ ‘ಪ್ರಿಸನರ್’ ನೋಡಿದವರು ಪೋರ್ಟ್‌ಮೇರಿಯನ್ನಿಗೆ ಬರುತ್ತಾರೆ. ಒಂದೇ ವ್ಯತ್ಯಾಸವೆಂದರೆ, ಇವರು ನೋಡಿದ್ದನ್ನು ನೆನಪಿಸಿಕೊಳ್ಳಲು ಮಾತ್ರ ಬರುವುದಿಲ್ಲ. ಕಥೆ ಬಿಡಿಸದೆ ಬಿಟ್ಟ ಗಂಟನ್ನು ಅಲ್ಲಿ ನಿಂತು ಬಿಡಿಸಲು ಬರುತ್ತಾರೆ.

ನೀವು ಆ ಧಾರಾವಾಹಿ ನೋಡಿಲ್ಲವಾದರೆ ಚಿಂತೆಯಿಲ್ಲ. ನಾನೂ ಹೊರಡುವ ಹಿಂದಿನ ವಾರವಷ್ಟೇ ಮಗಳ ಮನೆಯ ಸೋಫಾದಲ್ಲಿ ಕುಳಿತು ನೋಡಿದವಳು. ಬನ್ನಿ, ಕಥೆ ಹೇಳುತ್ತಲೇ ಊರು ತೋರಿಸುತ್ತೇನೆ.

ನಿಧಾನದ ದಾರಿ

ಮಗಳು-ಅಳಿಯ ಇರುವುದು ಲಿವರ್‌ಪೂಲಿನಲ್ಲಿ. ಅಲ್ಲಿಂದ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆಯ ಹಾದಿ. ಇಂಗ್ಲೆಂಡಿನ ಗಡಿ ದಾಟಿದೊಡನೆ ರಸ್ತೆಯ ಫಲಕಗಳಲ್ಲಿ ಎರಡು ಭಾಷೆ ಕಾಣಿಸತೊಡಗುತ್ತದೆ. ಡಾಂಬರಿನ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ‘ಅರಾವ್’ ಎಂದು ಬರೆದಿರುತ್ತಾರೆ. ವೇಲ್ಸ್ ಭಾಷೆಯಲ್ಲಿ ಅದಕ್ಕೆ ‘ನಿಧಾನ’ ಎಂದರ್ಥ. ಇಂಗ್ಲಿಷು ಮಗ್ಗುಲಲ್ಲೇ ಕುಳಿತಿದ್ದರೂ ತಮ್ಮ ನುಡಿಯನ್ನು ಬಿಡದ ಜನ ಇವರು. ನೋಡಿ ಸಂತೋಷವಾಯಿತು.

ರೈಲಿನಲ್ಲಿ ಬರುವವರು ಮಿನ್‌ಫೋರ್ದ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಒಂದು ಮೈಲಿ ನಡಿಗೆ. ಬೆಟ್ಟ ಇಳಿಯುತ್ತ ಬಂದರೆ ಮರಗಳ ನಡುವೆ ಥಟ್ಟನೆ ಒಂದು ಗಂಟೆಗೋಪುರ ಕಾಣಿಸುತ್ತದೆ. ಆಮೇಲೆ ಅರಿಸಿನ ಬಣ್ಣದ ಮನೆ, ಕೆನೆಗುಲಾಬಿ ಬಣ್ಣದ ಮನೆ, ನೀಲಿ ಮನೆ, ಕಂಬಗಳ ಸಾಲು, ಕಾರಂಜಿ, ಹಸಿರು ಗುಮ್ಮಟ. ಕೆಳಗೆ ದೂಯ್ರಿಡ್ ನದಿ ಸಮುದ್ರ ಸೇರುವ ಅಳಿವೆ. ನೀರು ಇಳಿದಾಗ ಕಣ್ಣು ಹಾಯುವವರೆಗೂ ಬರೀ ಮರಳು. ದಸರಾ ಗೊಂಬೆಯ ಮೆಟ್ಟಿಲ ಮೇಲೆ ಮಕ್ಕಳು ಜೋಡಿಸಿದ ಊರಿನ ಹಾಗಿದೆಯಲ್ಲ ಅಂದುಕೊಂಡೆ. ಇಟಲಿ ದೇಶದ ಒಂದು ಊರು ದಾರಿ ತಪ್ಪಿ ಮಳೆನಾಡಿಗೆ ಬಂದು ನಿಂತಂತೆ!

ಊರು ಕಟ್ಟಿದ ಮನುಷ್ಯ

ಈ ಊರಿಗೆ ಪುರಾತನ ಇತಿಹಾಸವೇನೂ ಇಲ್ಲ. ಇದು ಒಬ್ಬ ಮನುಷ್ಯನ ಹಂಬಲ. ಕ್ಲಫ್ ವಿಲಿಯಮ್ಸ್-ಎಲ್ಲಿಸ್ ಎಂಬ ವಾಸ್ತುಶಿಲ್ಪಿ 1925ರಲ್ಲಿ ಐದು ಸಾವಿರ ಪೌಂಡಿಗೂ ಕಡಿಮೆ ಬೆಲೆಗೆ ಈ ಜಾಗ ಕೊಂಡರು. ಚೆಲುವಾದ ಜಾಗದಲ್ಲಿ ಕಟ್ಟಡ ಕಟ್ಟಿದರೂ ಅದರ ಚೆಲುವು ಕೆಡದಂತೆ ನೋಡಿಕೊಳ್ಳಬಹುದು ಎಂದು ತೋರಿಸಬೇಕೆಂಬುದು ಅವರ ಹಟ. ಮಧ್ಯೆ ಮಹಾಯುದ್ಧದ ಕಾಲದಲ್ಲಿ ನಿಂತದ್ದು ಬಿಟ್ಟರೆ, 1970ರ ದಶಕದ ಮಧ್ಯದವರೆಗೂ ಕಟ್ಟುತ್ತಲೇ ಇದ್ದರು. 1978ರಲ್ಲಿ, ತೊಂಬತ್ನಾಲ್ಕರ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಕಟ್ಟಿದ ರೀತಿ ನಮ್ಮಂಥ ಗೃಹಿಣಿಯರಿಗೆ ಬಹಳ ಹಿಡಿಸುತ್ತದೆ. ಹಳೆಯ ಸೀರೆ ಸೇರಿಸಿ ಕೌದಿ ಹೊಲಿಯುತ್ತೇವಲ್ಲ, ಹಾಗೆ ಬೇರೆಯವರು ಕೆಡವಲು ಹೊರಟ ಕಟ್ಟಡಗಳ ತುಂಡುಗಳನ್ನು ತಂದು ಇಲ್ಲಿ ಸೇರಿಸಿದರು. ಬ್ರಿಸ್ಟಲ್ ನಗರದ ಒಂದು ಕಂಬಸಾಲು ಬಂತು. ಎಮ್ರಲ್ ಹಾಲ್ ಎಂಬ ಹಳೆಯ ಬಂಗಲೆ ಒಡೆಯುವಾಗ ಅದರ ಚಿತ್ತಾರದ ಚಾವಣಿಯನ್ನು ಬರೀ ಹದಿಮೂರು ಪೌಂಡಿಗೆ ಹರಾಜಿನಲ್ಲಿ ಹಿಡಿದರು. ಒಂದು ಕಟ್ಟೆಯಲ್ಲಿ ಬುದ್ಧ ಕುಳಿತಿದ್ದಾನೆ. ಅವನು 1958ರ ‘ದಿ ಇನ್ ಆಫ್ ದಿ ಸಿಕ್ಸ್ತ್ ಹ್ಯಾಪಿನೆಸ್’ ಸಿನಿಮಾ ಚಿತ್ರೀಕರಣಕ್ಕೆಂದು ಈ ಸೀಮೆಗೆ ಬಂದವನು. ಸಿನಿಮಾ ಮುಗಿದ ಮೇಲೆ ಇಲ್ಲೇ ಉಳಿದುಕೊಂಡ.

ಒಂದು ಗುಟ್ಟು ಹೇಳುತ್ತೇನೆ, ಕೇಳಿ. ಹತ್ತಿರ ಹೋಗಿ ನೋಡಿದರೆ ಅನೇಕ ಕಿಟಕಿಗಳು ಕಿಟಕಿಗಳೇ ಅಲ್ಲ, ಗೋಡೆಯ ಮೇಲೆ ಬರೆದ ಬಣ್ಣ! ಮೇಲಂತಸ್ತುಗಳನ್ನು ಅಳತೆಗಿಂತ ಕುಗ್ಗಿಸಿ ಕಟ್ಟಿರುವುದರಿಂದ ಕಟ್ಟಡಗಳು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತವೆ. ಕಣ್ಣಿಗೆ ಮೋಸ ಮಾಡುವುದೇ ಈ ಊರಿನ ವಿನೋದ. ವಿನೋದವಾಗಿದ್ದ ಈ ಮೋಸವನ್ನು ಕಂಡು ಒಬ್ಬ ನಟನ ತಲೆಯಲ್ಲಿ ಬೇರೆಯೇ ಯೋಚನೆ ಹೊಳೆಯಿತು.

ಕಥೆ ಏನೆಂದರೆ

ಆ ನಟ ಪ್ಯಾಟ್ರಿಕ್ ಮ್ಯಾಕ್‌ಗೂಹನ್. ‘ಡೇಂಜರ್ ಮ್ಯಾನ್’ ಎಂಬ ಧಾರಾವಾಹಿಯಲ್ಲಿ ಜಾನ್ ಡ್ರೇಕ್ ಎಂಬ ಗುಪ್ತಚರನಾಗಿ ಆಗಲೇ ಮನೆಮಾತಾಗಿದ್ದವರು. ಅದರ ಮೊದಮೊದಲ ಕೆಲವು ಕಂತುಗಳ ಚಿತ್ರೀಕರಣ ಪೋರ್ಟ್‌ಮೇರಿಯನ್ನಿನಲ್ಲಿ ನಡೆದಿತ್ತು. ಊರು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. 1966ರಲ್ಲಿ ‘ಪ್ರಿಸನರ್’ ಕಥೆ ಹಿಡಿದು ಮತ್ತೆ ಇಲ್ಲಿಗೇ ಬಂದರು.

ಕಥೆ ಹೀಗಿದೆ. ಲಂಡನ್ನಿನ ಒಬ್ಬ ಗುಪ್ತಚರ ಕೋಪದಿಂದ ಮೇಜು ಗುದ್ದಿ ಕೆಲಸಕ್ಕೆ ರಾಜೀನಾಮೆ ಕೊಡುತ್ತಾನೆ. ಮನೆಗೆ ಬಂದು ಪೆಟ್ಟಿಗೆ ಕಟ್ಟುತ್ತಿರುವಾಗ ಬಾಗಿಲ ಬೀಗದ ತೂತಿನಿಂದ ಹೊಗೆ ನುಗ್ಗಿ ಎಚ್ಚರ ತಪ್ಪುತ್ತದೆ. ಕಣ್ಣುಬಿಟ್ಟರೆ ಅದೇ ಕೋಣೆ, ಅದೇ ಪರದೆ. ಆದರೆ ಕಿಟಕಿ ತೆರೆದು ನೋಡಿದರೆ ಹೊರಗೆ ಲಂಡನ್ ಇಲ್ಲ! ಈ ಬಣ್ಣದ ಊರು ಇದೆ.

ಈ ಊರಿಗೆ ಹೆಸರಿಲ್ಲ. ‘ವಿಲೇಜ್’ ಅನ್ನುತ್ತಾರೆ, ಅಷ್ಟೆ. ಇಲ್ಲಿರುವವರಿಗೂ ಹೆಸರಿಲ್ಲ, ನಂಬರು. ಇವನು ಆರನೇ ನಂಬರು. ಊಟ, ಬಟ್ಟೆ, ಮನೆ, ಕೆಲಸದವಳು, ಬ್ಯಾಂಡು ವಾದ್ಯ, ಬಣ್ಣದ ಕೊಡೆ, ಬೆಳಿಗ್ಗೆ ಧ್ವನಿವರ್ಧಕದಲ್ಲಿ ಮಧುರವಾದ ಶುಭೋದಯ, ಎಲ್ಲವೂ ಉಂಟು. ಬಾಗಿಲುಗಳು ಹತ್ತಿರ ಹೋದರೆ ತಾವೇ ತೆರೆದುಕೊಳ್ಳುತ್ತವೆ. ಹೊರಗೆ ಹೋಗಲು ಮಾತ್ರ ದಾರಿಯಿಲ್ಲ. ಅಂಗಡಿಯಲ್ಲಿ ನಕ್ಷೆ ಕೇಳಿದರೆ ಕೊಡುತ್ತಾರೆ; ಅದರಲ್ಲಿ ಊರು, ಅದರ ಸುತ್ತ ‘ಬೆಟ್ಟ’, ‘ಸಮುದ್ರ’ ಅಂತ ಬರೆದಿರುತ್ತದೆ. ಅದರಾಚೆಗೆ ಖಾಲಿ. ಓಡಿಹೋಗಲು ನೋಡಿದರೆ ದೊಡ್ಡದೊಂದು ಬಿಳಿ ಗೋಳ ಉರುಳಿಕೊಂಡು ಬಂದು ಉಸಿರುಗಟ್ಟಿಸಿ ಕೆಡವುತ್ತದೆ. (ಅದಕ್ಕೆ ಮೊದಲು ಒಂದು ಯಂತ್ರವನ್ನೇ ಮಾಡಿಸಿದ್ದರಂತೆ. ಅದು ಕೈಕೊಟ್ಟ ಮೇಲೆ ಹವಾಮಾನದವರು ಹಾರಿಬಿಡುವ ಬೆಲೂನು ಬಳಸಿದರು. ಯಂತ್ರಕ್ಕಿಂತ ಬೆಲೂನೇ ಭಯ ಹುಟ್ಟಿಸಿತು!)

ಊರಿನ ಆಡಳಿತ ನೋಡುವವನು ‘ನಂಬರ್ ಟೂ’. ಹೆಚ್ಚುಕಡಿಮೆ ಪ್ರತಿ ಕಂತಿಗೂ ಹೊಸಬ. ಎಲ್ಲರ ಪ್ರಶ್ನೆಯೂ ಒಂದೇ: “ನೀನು ಕೆಲಸ ಯಾಕೆ ಬಿಟ್ಟೆ?” ಔಷಧಿ ಕೊಟ್ಟು ಕೇಳುತ್ತಾರೆ, ಕನಸಿನೊಳಗೆ ಹೊಕ್ಕು ಕೇಳುತ್ತಾರೆ, ಹೆಣ್ಣಿನ ಕಣ್ಣೀರು ತೋರಿಸಿ ಕೇಳುತ್ತಾರೆ. ಇವನು ಮಾತ್ರ ಬಾಯಿ ಬಿಡುವುದಿಲ್ಲ.

ಊರು ಸುತ್ತುತ್ತ ಊಹೆಗಳು

ಈಗ ನನ್ನ ಜೊತೆ ಇಳಿಜಾರಿನ ದಾರಿಯಲ್ಲಿ ಬನ್ನಿ. ಇಲ್ಲಿ ಒಂದೊಂದು ಜಾಗದಲ್ಲೂ ಒಂದೊಂದು ಊಹೆ ಬೇರುಬಿಟ್ಟಿದೆ.

ಮೊದಲು ದುಂಡುಮನೆ. ಆರನೇ ನಂಬರಿನವನ ಮನೆಯೆಂದು ತೋರಿಸಿದ್ದು ಇದರ ಹೊರಭಾಗವನ್ನು. ಒಳಗಿನ ವಿಶಾಲ ಕೋಣೆಗಳೆಲ್ಲ ಲಂಡನ್ ಹತ್ತಿರದ ಬೋರ್‌ಹ್ಯಾಮ್‌ವುಡ್ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು. ನಿಜವಾದ ಮನೆ ನಮ್ಮ ಅಡಿಗೆಮನೆಗಿಂತ ದೊಡ್ಡದೇನಲ್ಲ. ಇಲ್ಲಿ ನಿಂತವರು ಕೇಳುವ ಪ್ರಶ್ನೆ, ‘ಇವನು ಯಾರು?’ ಬಹಳ ಜನ, ಇವನು ಹಳೆಯ ಧಾರಾವಾಹಿಯ ಜಾನ್ ಡ್ರೇಕನೇ ಎಂದು ಪಟ್ಟುಹಿಡಿಯುತ್ತಾರೆ. ಕಥೆಯ ಸಂಪಾದಕ ಜಾರ್ಜ್ ಮಾರ್ಕ್‌ಸ್ಟೈನ್ ಹೌದು ಎಂದರು. ಮ್ಯಾಕ್‌ಗೂಹನ್ ಅಲ್ಲ ಎಂದರು. ಕಟ್ಟಿದ ಇಬ್ಬರೇ ಹೀಗೆಂದರೆ ನೋಡಿದವರು ಜಗಳವಾಡದೆ ಇರುತ್ತಾರೆಯೆ?

ಅಲ್ಲಿಂದ ಕೆಳಗೆ ಕಡಲತೀರ. ಇಲ್ಲಿಯ ಪ್ರಶ್ನೆ, ‘ಈ ಊರು ಎಲ್ಲಿದೆ?’ ಒಂದು ಕಂತಿನಲ್ಲಿ ಲಿಥುವೇನಿಯಾ ಅನ್ನುತ್ತಾರೆ. ಇನ್ನೊಂದರಲ್ಲಿ ಲೆಕ್ಕಹಾಕಿ ಮೊರಾಕೊ, ಪೋರ್ಚುಗಲ್ ಕಡೆಯ ಕರಾವಳಿ ಎನ್ನುತ್ತಾರೆ. ಕೊನೆಯ ಕಂತಿನಲ್ಲಿ ನೋಡಿದರೆ ಲಾರಿಯಲ್ಲಿ ಕುಳಿತು ನೇರ ಲಂಡನ್ ರಸ್ತೆಗೇ ಬಂದುಬಿಡುತ್ತಾರೆ! ನಿಜವಾದ ಜಾಗವನ್ನು ಕೊನೆಯವರೆಗೂ ಹೇಳಬಾರದೆಂದು ವಿಲಿಯಮ್ಸ್-ಎಲ್ಲಿಸ್ ಷರತ್ತು ಹಾಕಿದ್ದರು. ಕೊನೆಯ ಕಂತಿನಲ್ಲಿ ಮಾತ್ರ ಪೋರ್ಟ್‌ಮೇರಿಯನ್ ಹೆಸರು ತೆರೆಯ ಮೇಲೆ ಬಂತು. ಇನ್ನೊಂದು ವಿಷಯ. ಧಾರಾವಾಹಿಯನ್ನು ಬಣ್ಣದಲ್ಲಿ ತೆಗೆದಿದ್ದರೂ ಆ ಚಾನೆಲ್ಲಿನಲ್ಲಿ ಆಗಿನ್ನೂ ಬಣ್ಣದ ಪ್ರಸಾರ ಶುರುವಾಗಿರಲಿಲ್ಲ. ಮೊದಲ ಸಲ ನೋಡಿದ ಬ್ರಿಟಿಷ್ ಮನೆಗಳಿಗೆ ಈ ಅರಿಸಿನ, ಗುಲಾಬಿ, ನೀಲಿ ಎಲ್ಲ ಬರೀ ಬೂದು.

ಹುಲ್ಲುಹಾಸಿನ ಹತ್ತಿರ ಬಂದರೆ ಚದುರಂಗದ ನೆನಪು. ಒಂದು ಕಂತಿನಲ್ಲಿ ಮನುಷ್ಯರೇ ಕಾಯಿಗಳಾಗಿ ಆಡುತ್ತಾರೆ. ಕಾವಲಿನವರು ಯಾರು, ಖೈದಿಗಳು ಯಾರು ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ಇನ್ನೊಂದು ಕಂತಿನಲ್ಲಿ ಇವನ ಸೇವೆಗೆ ಒಬ್ಬ ಹುಡುಗಿಯನ್ನು ಕೊಡುತ್ತಾರೆ. ಅರ್ಥವಾಗದ ಭಾಷೆಯಲ್ಲಿ ನಗುನಗುತ್ತ ಓಡಾಡಿಕೊಂಡಿರುವ ಹುಡುಗಿ. ಯಾರೂ ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಅವಳೇ ಹೊಸ ನಂಬರ್ ಟೂ! ಆ ಘಟ್ಟದಲ್ಲಿ ನಾನು ಸೋಫಾದಿಂದ ಎದ್ದೇಬಿಟ್ಟೆ.

ಕಡೆಗೆ ಹಸಿರು ಗುಮ್ಮಟ. ಕಥೆಯಲ್ಲಿ ನಂಬರ್ ಟೂವಿನ ಕಚೇರಿ. ಇಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ‘ಹಾಗಾದರೆ ನಂಬರ್ ಒನ್ ಯಾರು?’ ಒಂದು ಮಾತೂ ಆಡದೆ ತಟ್ಟೆ ಹಿಡಿದು ಬಂದುಹೋಗುವ ಕುಳ್ಳ ಬಟ್ಲರನೇ ಎಂದು ಕೆಲವರು. ಅವನೇಕೆ ಎಲ್ಲ ಕಡೆ ಇರುತ್ತಾನೆ, ಹೇಳಿ? ಆರನೇ ನಂಬರಿನವನ ಲಂಡನ್ ಮನೆಯ ಬಾಗಿಲಿನ ಮೇಲೆ ‘1’ ಎಂದು ಬರೆದಿದೆಯಲ್ಲ, ಕಣ್ಣು ಎಲ್ಲಿಟ್ಟಿದ್ದೀರಿ ಎಂದು ಇನ್ನು ಕೆಲವರು.

ಎಲ್ಲಕ್ಕಿಂತ ಸೊಗಸಾದ ಊಹೆ ಒಂದು ಅಲ್ಪವಿರಾಮದ ಮೇಲೆ ನಿಂತಿದೆ. ಹೆಚ್ಚಿನ ಕಂತುಗಳ ಆರಂಭದಲ್ಲಿ ಇವನು, ನಂಬರ್ ಒನ್ ಯಾರೆಂದು ಕೇಳುತ್ತಾನೆ. ‘ಯೂ ಆರ್ ನಂಬರ್ ಸಿಕ್ಸ್’ ಎಂದು ಉತ್ತರ ಬರುತ್ತದೆ. ನೀನು ಆರನೇ ನಂಬರು, ತೆಪ್ಪಗಿರು ಎಂದು ಮಾತು ಹಾರಿಸಿದಂತೆ. ಆದರೆ ‘ಯೂ ಆರ್’ ಆದಮೇಲೆ ಅಲ್ಪವಿರಾಮ ಇಟ್ಟು ಓದಿ. ‘ನೀನೇ ಕಣೋ, ನಂಬರ್ ಸಿಕ್ಸ್!’ ಎಂದಾಗುತ್ತದೆ. ಉತ್ತರವನ್ನು ಮೊದಲಿನಿಂದಲೂ ಕಿವಿಗೇ ಹೇಳುತ್ತಿದ್ದರು, ನಾವು ಕೇಳಿಸಿಕೊಳ್ಳಲಿಲ್ಲ ಎನ್ನುತ್ತಾರೆ ಅಭಿಮಾನಿಗಳು. ಒಂದು ಕಾಲದಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತ, ಅಲ್ಪವಿರಾಮ ಬಿಟ್ಟರೆ ಅರ್ಧ ಅಂಕ ಕಳೆಯುತ್ತಿದ್ದವಳು ನಾನು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕೊನೆಯ ಕಂತಿನ ರಾದ್ಧಾಂತ

ಕೊನೆಯ ಕಂತನ್ನು ಮ್ಯಾಕ್‌ಗೂಹನ್ ತಾವೇ ಬರೆದು ನಿರ್ದೇಶಿಸಿದರು. ಇವತ್ತು ನಂಬರ್ ಒನ್ನಿನ ಮುಖ ಕಾಣುತ್ತದೆಂದು ಊರಿಗೆ ಊರೇ ಟೀವಿ ಮುಂದೆ ಕುಳಿತಿದ್ದರೆ, ಆಗಿದ್ದೇನು? ನಿಲುವಂಗಿ ತೊಟ್ಟವನ ಮುಖವಾಡವನ್ನು ಇವನು ಕೀಳುತ್ತಾನೆ. ಒಳಗೆ ಕೋತಿಯ ಮುಖವಾಡ. ಅದನ್ನೂ ಕೀಳುತ್ತಾನೆ. ಒಳಗೆ ತನ್ನದೇ ಮುಖ! ಕಣ್ಣುಮಿಟುಕಿಸುವಷ್ಟರಲ್ಲಿ ಅದು ಮಾಯ. ಗುಂಡಿನ ಸುರಿಮಳೆ, ಹಾಡು, ಓಟ. ಕೊನೆಗೆ ಲಂಡನ್ನಿನ ಮನೆ. ಬಟ್ಲರು ಮೆಟ್ಟಿಲೇರಿದರೆ ‘1’ ಎಂದು ಬರೆದ ಆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಥೇಟ್ ಆ ಊರಿನ ಬಾಗಿಲುಗಳಂತೆ.

ನೋಡಿದವರು ಕೆಂಡಾಮಂಡಲವಾದರು. ಸಿಟ್ಟಿನ ಫೋನುಗಳು ಬಂದವು. ಜನರ ಕೋಪಕ್ಕೆ ಹೆದರಿ ಕೆಲಕಾಲ ತಲೆತಪ್ಪಿಸಿಕೊಂಡಿದ್ದೆ ಎಂದು ಮ್ಯಾಕ್‌ಗೂಹನ್ನರೇ ಮುಂದೆ ಹೇಳಿಕೊಂಡರು. 1977ರಲ್ಲಿ ಕೆನಡಾದ ಟೆಲಿವಿಷನ್ನಿನಲ್ಲಿ ಮಾತಾಡುತ್ತ, ಮನುಷ್ಯನಿಗೆ ತನಗಿಂತ ದೊಡ್ಡ ಶತ್ರು ಇಲ್ಲ ಎಂಬುದೇ ನನ್ನ ಉದ್ದೇಶವಾಗಿತ್ತು ಎಂಬರ್ಥದ ಮಾತು ಹೇಳಿದರು. ಅದೇ ವರ್ಷ ‘ಸಿಕ್ಸ್ ಆಫ್ ಒನ್’ ಎಂಬ ಅಭಿಮಾನಿಗಳ ಸಂಘ ಹುಟ್ಟಿತು. ಅವರು ಈ ಊರಿನಲ್ಲಿ ಸೇರಿ, ಅಂಚುಪಟ್ಟಿಯ ಕೋಟು ತೊಟ್ಟು, ಮನುಷ್ಯರ ಚದುರಂಗ ಆಡಿ, ಕಂತುಗಳನ್ನು ಯಾವ ಅನುಕ್ರಮದಲ್ಲಿ ನೋಡಬೇಕೆಂದು ವಾದಿಸುತ್ತ ಬಂದರು. ಮ್ಯಾಕ್‌ಗೂಹನ್ 2009ರ ಜನವರಿಯಲ್ಲಿ ತೀರಿಕೊಂಡರು. ವಾದ ತೀರಲಿಲ್ಲ.

ಅದೇ 2009ರಲ್ಲಿ ಕಥೆಯನ್ನು ಹೊಸದಾಗಿ ತೆಗೆದರು, ಆಫ್ರಿಕಾದ ನಮೀಬಿಯಾ ದೇಶದ ಸ್ವಾಕೋಪ್‌ಮುಂಡ್ ಎಂಬ ಊರಿನಲ್ಲಿ. ಆರು ಕಂತು. ಅದರಲ್ಲಿ ಗಂಟು ಬಿಡಿಸಿಬಿಟ್ಟರು: ಆ ಊರೆಲ್ಲ ನಂಬರ್ ಟೂವಿನ ಹೆಂಡತಿಯ ಅಂತರಂಗದಲ್ಲಿ, ಅವಳ ನಿದ್ದೆಯಲ್ಲಿ ಕಟ್ಟಿಕೊಂಡದ್ದಂತೆ! ಯೋಚಿಸಿದರೆ ಇದೂ ಸ್ವಾರಸ್ಯವೇ. ಆದರೆ ಉತ್ತರ ಸಿಕ್ಕ ಆ ಕಥೆಗೆ ಯಾತ್ರಿಕರು ಹುಟ್ಟಲಿಲ್ಲ. ಉತ್ತರ ಸಿಗದ ಹಳೆಯದಕ್ಕೇ ಜನ ಇನ್ನೂ ಬರುತ್ತಾರೆ.

ಚಹದ ಮೇಜಿನಲ್ಲಿ ಒಂದು ಪ್ರಶ್ನೆ

ಇಷ್ಟು ಸುತ್ತಿದ ಮೇಲೆ ಕಾಲು ನೋವು. ಚಹದಂಗಡಿಯಲ್ಲಿ ಕುಳಿತೆವು. ‘ಬಾರಾ ಬ್ರಿತ್’ ತರಿಸಿದಳು ಮಗಳು. ಚುಕ್ಕೆ ರೊಟ್ಟಿ ಎಂದು ಅದರ ಅರ್ಥ. ಒಣದ್ರಾಕ್ಷಿ ಮೊದಲಾದ ಒಣಹಣ್ಣುಗಳನ್ನು ರಾತ್ರಿಯೆಲ್ಲ ಹಾಲಿಲ್ಲದ ಚಹದ ಡಿಕಾಕ್ಷನ್ನಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸಕ್ಕರೆ, ಮೈದಾ, ಮೊಟ್ಟೆ ಕಲಸಿ ಬೇಯಿಸುತ್ತಾರೆ. ತುಂಡು ಮಾಡಿ ಬೆಣ್ಣೆ ಸವರಿಕೊಂಡು ತಿನ್ನುವುದು.

ಮಗಳು ಚಹ ಕಲಕುತ್ತ ಹೇಳಿದಳು: “ಅಮ್ಮ, ಎಲ್ಲಾರೂ ನಂಬರ್ ಒನ್ ಯಾರು ಅಂತಾನೇ ಜಗಳ ಆಡ್ತಾರೆ. ನಂಗೆ ಅದಲ್ಲ ಬೇಕಾಗಿರೋದು. ಅವನು ಕೆಲಸ ಯಾಕೆ ಬಿಟ್ಟ ಅನ್ನೋದು.”

ಅದಕ್ಕೂ ಊಹೆಗಳಿವೆ. ಆತ್ಮಸಾಕ್ಷಿಗಾಗಿ ಬಿಟ್ಟ ಎಂದು ಒಂದು ಕಂತಿನಲ್ಲಿ ಸುಳಿವಿದೆ. ಅಂಥದೊಂದು ಊರು ಕಟ್ಟುವ ಯೋಜನೆ ಹಾಕಿಕೊಟ್ಟವನೇ ಇವನು, ಅದನ್ನು ನಿಜವಾಗಿಯೂ ಕಟ್ಟಿದ್ದಾರೆಂದು ತಿಳಿದು ಹೇಸಿ ಬಿಟ್ಟ ಎಂದು ಇನ್ನೊಂದು ಊಹೆ. ಇದನ್ನೇ ಹೇಳುತ್ತಿದ್ದೆ. ಅವಳು ಥಟ್ಟನೆ ತಡೆದಳು.

“ಅದಿರಲಿ, ನೀನ್ಯಾಕೆ ಕೆಲಸ ಬಿಟ್ಟೆ?”

ಸೋದರಿಯರೆ, ಇದನ್ನು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ, ಒಂದು ಸೋಮವಾರ, ನಾನು ಶಾಲೆಯ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟು ಮನೆಗೆ ಬಂದೆ. ಕಾರಣ ಹೇಳಲಿಲ್ಲ. ನಮ್ಮದು ಚಿಕ್ಕ ಊರು. ಊಹೆಗಳಿಗೆ ಬರವೆ? ಅತ್ತೆ ಬಿಡಿಸಿದರು ಎಂದರು ಕೆಲವರು. ಯಜಮಾನರಿಗೆ ಇಷ್ಟವಿರಲಿಲ್ಲ ಎಂದರು. ಹೆಡ್‌ಮಾಸ್ಟರ ಜೊತೆ ಜಟಾಪಟಿ, ಎರಡನೇ ಬಸಿರು, ತಲೆ ಸರಿಯಿಲ್ಲ, ಹಣ ಹೆಚ್ಚಾಗಿದೆ… ಅರಿಸಿನ ಕುಂಕುಮಕ್ಕೆ ಹೋದ ಕಡೆಯಲ್ಲೆಲ್ಲ ಒಬ್ಬೊಬ್ಬ ನಂಬರ್ ಟೂ! ಕೋಸಂಬರಿ ಬಡಿಸುತ್ತ ಕೇಳಿದರು, ಬಸ್ಸಿನಲ್ಲಿ ಕೇಳಿದರು, “ನಮ್ಮ ಹತ್ರ ಹೇಳ್ಕೊಳ್ಳೋಕೇನಮ್ಮ” ಎಂದು ಕೈಹಿಡಿದು ಕೇಳಿದರು. ಕೇಳದೇ ಇದ್ದವರು ಒಬ್ಬರೇ, ನಮ್ಮತ್ತೆ. ಆ ಸೋಮವಾರ ಮಧ್ಯಾಹ್ನ ಚೀಲ ಹಿಡಿದು ಒಳಗೆ ಬಂದ ನನ್ನ ಮುಖ ನೋಡಿ, “ಕೈಕಾಲು ತೊಳ್ಕೊಂಡು ಬಾ, ಕಾಫಿ ಬಿಸಿಯಾಗಿದೆ” ಎಂದರು. ಸಾಯುವವರೆಗೂ ಆ ಮಾತು ಎತ್ತಲಿಲ್ಲ. ಊರವರು ತಮ್ಮ ಮೇಲೆ ಹಾಕಿದ ಮಾತನ್ನೂ ಕೇಳಿಸಿಕೊಳ್ಳದವರಂತೆ ಇದ್ದುಬಿಟ್ಟರು.

ಆಮೇಲಿನ ವರ್ಷಗಳಲ್ಲಿ ನನಗೇನು ಕಡಿಮೆಯಾಗಿತ್ತು? ಮನೆ, ಊಟ, ಒಳ್ಳೆಯ ಯಜಮಾನರು, ಸಂಜೆ ರೇಡಿಯೋ. ಆದರೆ ‘ಟೀಚರ್’ ಎಂದು ಕರೆಯುತ್ತಿದ್ದ ಊರು ‘ಅವರ ಮನೆಯವರು’ ಎನ್ನತೊಡಗಿತು. ಆಮೇಲೆ ‘ಪಾಪುವಿನ ಅಮ್ಮ’. ನನ್ನ ಹೆಸರು ಹಿಡಿದು ಕರೆಯುವವರು ಪೋಸ್ಟ್‌ಮನ್ ಒಬ್ಬನೇ ಉಳಿದ, ಅದೂ ರಿಜಿಸ್ಟರ್ಡ್ ಪತ್ರ ಬಂದರೆ. ಹೆಸರು ಹೋಗಿ ನಂಬರು ಬರಲು ದೂರದ ದ್ವೀಪಕ್ಕೇ ಹೋಗಬೇಕೆಂದಿಲ್ಲ ಎಂದು, ಆ ದುಂಡುಮನೆಯ ಮುಂದೆ ನಿಂತಾಗಲೇ ನನಗೆ ಅನ್ನಿಸಿತ್ತು.

ಮಗಳು ನನ್ನ ಮುಖ ನೋಡಿದಳು. ಏನನ್ನಿಸಿತೋ, “ಹೇಳ್ಬೇಕು ಅನ್ಸಿದ್ರೆ ಹೇಳಮ್ಮ. ಇಲ್ದಿದ್ರೆ ಬೇಡ. ಇನ್ನೊಂದು ಚಹ ತರ್ಲಾ?” ಎಂದಳು.

ಥೇಟ್ ಅವರಜ್ಜಿ! ಹಾಗೆ ಕೇಳಿದ್ದಕ್ಕೇ ಇರಬೇಕು, ಅವಳಿಗೆ ಹೇಳಿದೆ. ಮೂವತ್ತು ವರ್ಷದ ಮೇಲೆ, ವೇಲ್ಸಿನ ಒಂದು ಚಹದ ಮೇಜಿನಲ್ಲಿ. ನಿಮಗೆ ಹೇಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ನೀವೂ ಒಂದು ಊಹೆ ಮಾಡಿಕೊಳ್ಳಿ.

ಆ ಖೈದಿಯ ಕಥೆ ನನಗೆ ಆಗ ಪೂರ್ತಿ ಹಿಡಿಯಿತು. ಹದಿನೇಳು ಕಂತು ಅವರು ಕೇಳಿದರು, ಅವನು ಹೇಳಲಿಲ್ಲ. ಅವರು ಕೇಳಿದ್ದು ಅವನಿಗಾಗಿ ಅಲ್ಲ, ಅವನನ್ನು ಗೆಲ್ಲುವುದಕ್ಕಾಗಿ. ಕಸಿಯಲು ಬಂದವರಿಗೆ ಒಂದು ಮಾತೂ ಕೊಡದೆ ಉಳಿಸಿಕೊಳ್ಳುವುದು ಹಟಮಾರಿತನವಲ್ಲ. ಅದೊಂದು ಉಳಿದಿದ್ದರೆ ಹೆಸರು ಹೋದರೂ ಮನುಷ್ಯ ಪೂರ್ತಿ ಹೋಗುವುದಿಲ್ಲ. ಹಾಗೆಯೇ, ನಮ್ಮ ಮನೆಯಲ್ಲಿ ಯಾರಾದರೂ ಬಾಯಿಮುಚ್ಚಿಕೊಂಡು ಕುಳಿತರೆ, ಅದು ಸೊಸೆಯಿರಲಿ, ಪರೀಕ್ಷೆಯಲ್ಲಿ ನಪಾಸಾದ ಮಗನಿರಲಿ, ನಾವು ನಂಬರ್ ಟೂ ಆಗಬೇಕೋ, ಕಾಫಿ ಬಿಸಿಮಾಡಬೇಕೋ ಎಂದು ಒಂದು ಗಳಿಗೆ ಯೋಚಿಸುವುದು ಒಳ್ಳೆಯದು.

ಹೋಗುವವರಿಗೆ ನಾಲ್ಕು ಮಾತು

ಮಕ್ಕಳು ಆ ಕಡೆ ಇರುವ ಸೋದರಿಯರು ಈಗ ಎಷ್ಟೋ ಜನ ಇದ್ದೀರಿ. ಹೋದಾಗ ಒಂದು ದಿನ ಇದಕ್ಕೆ ಎತ್ತಿಡಿ. ಒಳಗೆ ಹೋಗಲು ಟಿಕೆಟ್ ಉಂಟು. ಮಳೆ ಯಾವಾಗ ಬೇಕಾದರೂ ಬರುತ್ತದೆ, ಕೊಡೆ ಮರೆಯಬೇಡಿ. ನಡೆಯುವುದು ಏರಿಳಿತದ ದಾರಿ, ಸೀರೆಗೆ ಹಿಡಿತದ ಶೂ ಹಾಕಿಕೊಂಡರೂ ಯಾರೂ ನಗುವುದಿಲ್ಲ. ನೀರು ಇಳಿದಿದೆಯೆಂದು ಮರಳಿನ ಮೇಲೆ ದೂರ ಹೋಗಬೇಡಿ, ಭರತ ಬಹಳ ಬೇಗ ನುಗ್ಗುತ್ತದೆ. ಊರಿನ ಬೆನ್ನಿಗೆ ‘ಗ್ವಿಲ್ತ್’ ಎಂಬ ಎಪ್ಪತ್ತು ಎಕರೆಯ ಕಾಡುತೋಟವಿದೆ; ಪುರುಸೊತ್ತಿದ್ದರೆ ಅಲ್ಲಿಯೂ ಸುತ್ತಾಡಿ. ರಾತ್ರಿ ಉಳಿಯಬೇಕೆಂದರೆ ಮನೆಗಳನ್ನೇ ಹೋಟೆಲು ಕೋಣೆಗಳಂತೆ ಕೊಡುತ್ತಾರೆ, ಬೆಲೆ ಮಾತ್ರ ಜೋರು. ಕಡಲ ಪಕ್ಕದ ದೊಡ್ಡ ಹೋಟೆಲು 1981ರಲ್ಲಿ ಬೆಂಕಿಗೆ ಆಹುತಿಯಾಗಿ, 1988ರಲ್ಲಿ ಮತ್ತೆ ತೆರೆಯಿತು.

ಪಾತ್ರೆ-ಪಿಂಗಾಣಿ ಮೆಚ್ಚುವವರು ಇಲ್ಲಿಯ ಹೆಸರಿನ ಪಿಂಗಾಣಿಯನ್ನು ನೋಡದೆ ಬರಬೇಡಿ. ಊರು ಕಟ್ಟಿದವರ ಮಗಳು ಸೂಸನ್ ವಿಲಿಯಮ್ಸ್-ಎಲ್ಲಿಸ್ ತಂದೆಯ ಊರಿನ ಅಂಗಡಿಗೆಂದು ವಿನ್ಯಾಸ ಮಾಡಲು ಶುರುಮಾಡಿದರು. 1960ರಲ್ಲಿ ಗಂಡನ ಜೊತೆ ಸ್ಟೋಕ್-ಆನ್-ಟ್ರೆಂಟ್ ಎಂಬಲ್ಲಿ ‘ಪೋರ್ಟ್‌ಮೇರಿಯನ್’ ಪಿಂಗಾಣಿಯ ಉದ್ಯಮವನ್ನೇ ಕಟ್ಟಿದರು. 1972ರಲ್ಲಿ ಹಳೆಯ ಸಸ್ಯಶಾಸ್ತ್ರದ ಪುಸ್ತಕಗಳ ಚಿತ್ರಗಳಿಂದ ಆಕೆ ಮಾಡಿದ ‘ಬೊಟಾನಿಕ್ ಗಾರ್ಡನ್’ ತಟ್ಟೆಗಳು, ಒಂದೊಂದರ ಮೇಲೆ ಒಂದೊಂದು ಹೂವು, ಲೋಕವೆಲ್ಲ ಹರಡಿದವು. ತಂದೆಯ ಊರಿನ ಹೆಸರನ್ನು ನೂರಾರು ಊರುಗಳ ಅಡಿಗೆಮನೆಗೆ ಮುಟ್ಟಿಸಿದವಳು ಮಗಳು. ನಾನೊಂದು ಬಟ್ಟಲು ತಂದಿದ್ದೇನೆ.

ಹೋಗಲಾಗದವರು ಧಾರಾವಾಹಿಯನ್ನಾದರೂ ಹುಡುಕಿ ನೋಡಿ. ಮಕ್ಕಳಿಗೆ ಹೇಳಿದರೆ ಹಾಕಿಕೊಡುತ್ತಾರೆ. ಇಂಗ್ಲಿಷು ಸ್ವಲ್ಪ ವೇಗವಾಗಿದೆ, ಕೆಳಗೆ ಅಕ್ಷರ ಬರುವಂತೆ ಮಾಡಿಸಿಕೊಳ್ಳಿ. ಒಂದೇ ಸಲಕ್ಕೆ ಎಲ್ಲ ನುಂಗಬೇಡಿ, ವಾರಕ್ಕೆ ಒಂದು ಕಂತು ಸಾಕು. ಮಧ್ಯೆ ಊಹೆ ಮಾಡಲು ಸಮಯ ಬೇಕಲ್ಲ! ಹದಿನಾರು ಕಂತಾದ ಮೇಲೆ ಮನೆಯವರೆಲ್ಲ ಒಂದೊಂದು ಚೀಟಿಯಲ್ಲಿ ನಂಬರ್ ಒನ್ ಯಾರೆಂದು ಬರೆದು, ಖಾಲಿ ಸಾಸಿವೆ ಡಬ್ಬಿಯೊಳಗೆ ಹಾಕಿಡಿ. ಕೊನೆಯ ಕಂತು ನೋಡಿದ ಮೇಲೆ ತೆಗೆದು ಓದಿ. ಯಾರೂ ಗೆಲ್ಲುವುದಿಲ್ಲ, ಆದರೆ ಆ ರಾತ್ರಿ ಊಟಕ್ಕೆ ಕುಳಿತಾಗ ಯಾರ ಕೈಯಲ್ಲೂ ಮೊಬೈಲು ಇರುವುದಿಲ್ಲ, ನೋಡಿ ಬೇಕಾದರೆ.